ಬಾಯಲ್ಲೇ ಟ್ರಂಪೆಟ್

1965ರ ಜುಲೈ 9. ಅಮೆರಿಕದ ಮೆಂಫಿಸ್‌ನ ಈಸ್ಟ್ ಮ್ಯಾಕ್ಲೆಮೋರ್ ಅವೆನ್ಯೂನಲ್ಲಿ 926ನೇ ನಂಬರಿನ ಕಟ್ಟಡದ ಮುಂದೆ ನಿಂತಿದ್ದೀರಿ. ನೋಡಿದರೆ ಥೇಟ್ ಸಿನಿಮಾ ಟಾಕೀಸು. ಹಿಂದೆ ಟಾಕೀಸೇ ಆಗಿತ್ತು, ಹೆಸರು ಕ್ಯಾಪಿಟಲ್. ಈಗ ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೊ. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ಆಕ್ಸ್ಟನ್ ಅವರ ರೆಕಾರ್ಡ್ ಅಂಗಡಿ ಇದೆ. ಅದನ್ನು ದಾಟಿ ಒಳಗೆ ಬನ್ನಿ, ಕಾಲು ಮಾತ್ರ ಜೋಪಾನ. ಕುರ್ಚಿಗಳನ್ನು ಕಿತ್ತಿದ್ದಾರೆ, ಇಳಿಜಾರು ನೆಲ ಹಾಗೇ ಇದೆ. ಪರದೆಯಿದ್ದ ವೇದಿಕೆಯೇ ಕಂಟ್ರೋಲ್ ರೂಮು. ಅಲ್ಲಿ ಕೂತವರು ಅಟ್ಲಾಂಟಿಕ್ ಕಂಪನಿಯ ಇಂಜಿನಿಯರ್ ಟಾಮ್ ಡೌಡ್.

ನೆಲದ ಮೇಲೆ ನಿಂತ ಆ ಆರಡಿ ಆಳೇ ಗಾಯಕ ಓಟಿಸ್ ರೆಡ್ಡಿಂಗ್. ವಯಸ್ಸು 23. 1962ರಲ್ಲಿ ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕನ ಕಾರು ಓಡಿಸಿಕೊಂಡು ಇಲ್ಲಿಗೆ ಬಂದಿದ್ದ. ಜೆಂಕಿನ್ಸ್‌ನ ರೆಕಾರ್ಡಿಂಗಿನ ಕೊನೆಯಲ್ಲಿ ಸ್ವಲ್ಪ ಹೊತ್ತು ಉಳಿಯಿತು, ಡ್ರೈವರಿಗೂ ಹಾಡುವ ಅವಕಾಶ ಸಿಕ್ಕಿತು. ಜೆಂಕಿನ್ಸ್‌ನ ಹೆಸರು ಈಗ ಬರುವುದೇ ಆ ಕಥೆಯಲ್ಲಿ, ಪಾಪ.

ಇಂದು ಒಂದಿಡೀ ಆಲ್ಬಂ ಮುಗಿಸಬೇಕು. ಓಟಿಸ್ ನೇರ ಊದುವವರ ಹತ್ತಿರ ಹೋಗುತ್ತಾನೆ. ಟ್ರಂಪೆಟ್ ಹಿಡಿದ ವೇಯ್ನ್ ಜಾಕ್ಸನ್ ಬಿಳಿಯ, ಪಕ್ಕದಲ್ಲಿ ಸ್ಯಾಕ್ಸೊಫೋನ್ ಹಿಡಿದ ಆಂಡ್ರೂ ಲವ್ ಕಪ್ಪು. ವರ್ಣಭೇದಕ್ಕೆ ಕಾನೂನಿನ ತಡೆ ಬಂದು ಒಂದೇ ವರ್ಷ ಆಗಿರುವ ಊರಿದು. ಸ್ವರ ಬರೆದ ಹಾಳೆ ಯಾರ ಮುಂದೆಯೂ ಇಲ್ಲ. ಮೃದಂಗದ ಮೇಷ್ಟ್ರು ಬಾಯಲ್ಲೇ ಜತಿ ಹೇಳಿಕೊಡುವ ಹಾಗೆ ಓಟಿಸ್ ಟ್ರಂಪೆಟ್ಟಿನ ಸಾಲನ್ನು ಹಾಡಿ ತೋರಿಸುತ್ತಾನೆ: ಎಲ್ಲಿ ತಟ್ಟನೆ ಕಡಿಯಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಸುಮ್ಮನಿರಬೇಕು. ಹಿಂದೆ ದನಿಗೂಡಿಸುವ ಹಾಡುಗಾರರ ಕೆಲಸವನ್ನೂ ಬಹುಮಟ್ಟಿಗೆ ಈ ಊದುವವರಿಗೇ ಒಪ್ಪಿಸಿದ್ದಾನೆ. ನನ್ನ ಮಟ್ಟಿಗೆ ಅವನ ಅರ್ಧ ಪ್ರತಿಭೆ ಇಲ್ಲೇ ಇದೆ. ಕೊರಳಿನ ಹೊಗಳಿಕೆಯಲ್ಲಿ ಇದು ಮರೆತುಹೋಗುತ್ತದೆ.

‘ರೆಸ್ಪೆಕ್ಟ್’ ಶುರು. ಅಲ್ ಜಾಕ್ಸನ್‌ನ ಡ್ರಮ್ ಬಾಗಿಲು ಬಡಿದಂತೆ ಬೀಳುತ್ತದೆ, ಡಕ್ ಡನ್‌ನ ಬೇಸ್ ಅದಕ್ಕೆ ಅಂಟಿಕೊಂಡೇ ಓಡುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುವುದರಿಂದ ಒಬ್ಬ ತಪ್ಪಿದರೆ ಎಲ್ಲರಿಗೂ ಮೊದಲಿಂದ. ಮನೆಗೆ ಬಂದ ಗಂಡ ಮರ್ಯಾದೆ ಕೇಳುವ ಹಾಡಿದು. ಎರಡು ವರ್ಷ ಬಿಟ್ಟು ಅರೀಥಾ ಫ್ರಾಂಕ್ಲಿನ್ ಇದನ್ನು ಹೆಣ್ಣಿನ ಕಡೆಯಿಂದ ಹಾಡಿ ಪೂರ್ತಿ ಕಿತ್ತುಕೊಂಡಳು. ಸರಿಯಾಗೇ ಕಿತ್ತುಕೊಂಡಳು ಅನ್ನಿ.

ಇನ್ನೊಂದು ಹಾಡು ಬೇಕು. ಗಿಟಾರಿನ ಸ್ಟೀವ್ ಕ್ರಾಪರ್ ಮುಂದಿನ ಅಂಗಡಿಯಿಂದ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ತಂದು ಸಾಹಿತ್ಯ ಬರೆದುಕೊಡುತ್ತಾನೆ. ಓಟಿಸ್ ಅದನ್ನು ಪೂರ್ತಿ ನೆಚ್ಚಿಕೊಳ್ಳುವುದಿಲ್ಲ, ಬಾಯಿಗೆ ಬಂದದ್ದನ್ನು ಸೇರಿಸುತ್ತಾನೆ. ಸ್ಟೋನ್ಸ್ ಗಿಟಾರಿನಲ್ಲಿ ನುಡಿಸಿದ್ದ ಸಾಲು ಇಲ್ಲಿ ಟ್ರಂಪೆಟ್ಟಿಗೆ ಹೋಗುತ್ತದೆ. ತಮಾಷೆಯೆಂದರೆ, ಆ ಸಾಲು ಕಟ್ಟಿದ ಕೀತ್ ರಿಚರ್ಡ್ಸ್‌ನ ಮನಸ್ಸಿನಲ್ಲಿ ಇದ್ದದ್ದೂ ಊದುವ ವಾದ್ಯಗಳೇ.

ರಾತ್ರಿ ಹತ್ತರ ಸುಮಾರಿಗೆ ಕೋಣೆ ಖಾಲಿ. ಬ್ಯಾಂಡಿನವರು ಕ್ಲಬ್ಬುಗಳಲ್ಲಿ ನುಡಿಸಿ ಅಂದಿನ ಸಂಪಾದನೆ ನೋಡಿಕೊಳ್ಳಬೇಕು. ಎರಡು ಗಂಟೆಗೆ ಮರಳಿ ಬಂದು ಮತ್ತೆ ಶುರು.

ಗಾಯಕ ಸ್ಯಾಮ್ ಕುಕ್ ಹೋದ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಮೋಟೆಲಿನಲ್ಲಿ ಗುಂಡೇಟಿಗೆ ಸತ್ತಿದ್ದಾನೆ. ಈ ಆಲ್ಬಂನಲ್ಲಿ ಅವನ ಮೂರು ಹಾಡುಗಳಿವೆ. ಕಾಲ ಬದಲಾಗುತ್ತದೆ ಎಂಬ ಅವನ ಹಾಡಿಗೆ ಮೂಲದಲ್ಲಿ ವಯಲಿನ್‌ಗಳ ವೈಭವ ಇತ್ತು. ಇಲ್ಲಿ ವಯಲಿನ್ ಇಲ್ಲ. ಕುಕ್‌ನ ದನಿ ನುಣುಪು, ಓಟಿಸ್‌ನದು ಒರಟು. ಹಾಗಾಗಿ ಕುಕ್ ನಂಬಿ ಹಾಡಿದ್ದನ್ನು ಇವನು ವಾದ ಮಾಡಿದಂತೆ ಹಾಡುತ್ತಾನೆ.

ಓಟಿಸ್ ಎಂದರೆ ಜನಕ್ಕೆ ‘ಡಾಕ್ ಆಫ್ ದ ಬೇ’. 1967ರ ಡಿಸೆಂಬರ್ 10ರಂದು ವಿಮಾನ ಮೊನೋನಾ ಸರೋವರಕ್ಕೆ ಬಿದ್ದು ಅವನು ಸತ್ತಮೇಲೆ ಬಂದ ಹಾಡು, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೂ ಹೋಯಿತು. ಒಳ್ಳೆಯದೇ. ಆದರೆ ಅದರಲ್ಲಿ ಅವನು ಸುಮ್ಮನೆ ಕೂತಿದ್ದಾನೆ. ನನಗೆ ಬೇಕಾದವನು ಈ ಇಳಿಜಾರು ನೆಲದ ಮೇಲಿದ್ದಾನೆ: ಬೆಳಕು ಹರಿದರೂ ಕೂರದೆ, ವೇಯ್ನ್ ಜಾಕ್ಸನ್‌ನ ಎದುರು ನಿಂತು, ಮುಂದಿನ ಹಾಡಿನ ಟ್ರಂಪೆಟ್ಟನ್ನು ಬಾಯಲ್ಲೇ ಊದುತ್ತಾ.