ಚೆಂಡು ಗಾಳಿಯಲ್ಲೇ ನಿಂತ ರಾತ್ರಿ
2022ರ ಆಗಸ್ಟ್ 10, ಬುಧವಾರ ರಾತ್ರಿ. ಶ್ರಾವಣ ಮಾಸ. ಉರುಕುಂದದ ಈರಣ್ಣಸ್ವಾಮಿ ಗುಡಿಯ ಸುತ್ತ ಕಾಲಿಡಲು ಜಾಗವಿಲ್ಲ. ರಾಯಚೂರು, ಬಳ್ಳಾರಿ ಕಡೆಯ ಮಂದಿ ಟ್ರ್ಯಾಕ್ಟರ್‌ಗಳ ನಡುವೆಯೇ ಚಾಪೆ ಹಾಸಿದ್ದಾರೆ. ಕಟ್ಟಿಗೆ ಒಲೆಯ ಹೊಗೆ ಕಣ್ಣಿಗೆ ಅಡರುತ್ತಿದೆ. ಪಕ್ಕದ ಚಾಪೆಯ ಹುಡುಗಿ ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿದ್ದಾಳೆ. ನೀವೂ ಬಗ್ಗುತ್ತೀರಿ.

ಉತ್ತರ ಮ್ಯಾಸಿಡೋನಿಯದ ಸ್ಕೋಪ್ಯೆ. ಹದಿನೆಂಟರೊಳಗಿನ ಹುಡುಗಿಯರ ವಿಶ್ವ ಹ್ಯಾಂಡ್‌ಬಾಲ್ ಫೈನಲ್. ದಕ್ಷಿಣ ಕೊರಿಯದ ಎದುರು ಡೆನ್ಮಾರ್ಕ್.

"ಏನವ್ವ ಇದು, ಕಬಡ್ಡಿ ಏನು?" ಹುಡುಗಿಯ ಅಜ್ಜಿ ಕೇಳುತ್ತಾಳೆ.

"ಅಲ್ಲಬೇ ಅಜ್ಜಿ, ಹ್ಯಾಂಡ್‌ಬಾಲ್. ಚೆಂಡು ಹಿಡಕೊಂಡು ಮೂರೇ ಹೆಜ್ಜಿ. ಆಮ್ಯಾಲೆ ಪುಟಿಸ್ಬೇಕು, ಇಲ್ಲಾ ಒಗೀಬೇಕು."

ಗೋಲಿನ ಮುಂದೆ ಆರು ಮೀಟರಿನ ಗೆರೆ. ಅದರೊಳಗೆ ಗೋಲ್‌ಕೀಪರ್ ಹೊರತು ಯಾರೂ ಕಾಲೂರುವಂತಿಲ್ಲ. ನೆಲ ಮುಟ್ಟಬಾರದು ಅಷ್ಟೇ, ಗಾಳಿಗೆ ತಡೆಯಿಲ್ಲ. ಎತ್ತರದ ಡೇನಿಷ್ ಹುಡುಗಿಯರು ಆ ಗೆರೆಗೆ ಬೆನ್ನು ಕೊಟ್ಟು ಕೈಯೆತ್ತಿ ನಿಂತಿದ್ದಾರೆ. ಕೊರಿಯದವರು ಕುಳ್ಳು. ಮೇಲಿಂದ ಎಸೆಯಲಾಗದು. ಅದಕ್ಕೇ ಚೆಂಡನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ದಾಟಿಸುತ್ತಾರೆ. ಒಬ್ಬ ಡೇನಿಷ್ ಹುಡುಗಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ಸಂದು ಕಂಡಿತು. ಮೂಲೆಯಿಂದ ಓಡಿಬಂದವಳು ಗೆರೆಯಾಚೆಗೆ ಹಾರಿದಳು. ದೇಹ ಪೂರಾ ಗಾಳಿಯಲ್ಲಿ, ಕೈ ಹಿಂದಕ್ಕೆ...

ನೆಟ್‌ವರ್ಕ್ ನಿಂತಿತು! ಇಷ್ಟು ಸಾವಿರ ಮಂದಿ ಒಂದೇ ಟವರಿಗೆ ಜೋತುಬಿದ್ದರೆ ಇನ್ನೇನಾದೀತು. ಹುಡುಗಿ ಉಸಿರು ಬಿಗಿಹಿಡಿದು ಗಾಜನ್ನು ಬೆರಳಿನಿಂದ ಕುಟ್ಟುತ್ತಾಳೆ. ಚಿತ್ರ ಮತ್ತೆ ಅಲುಗುವಷ್ಟರಲ್ಲಿ ಕೊರಿಯದವರು ಆಗಲೇ ರಕ್ಷಣೆಗೆ ಹಿಂದಕ್ಕೆ ಓಡುತ್ತಿದ್ದಾರೆ. ಗೋಲು ಬಿದ್ದಿದೆ, ನೀವು ಕಂಡಿಲ್ಲ.

ಈ ಆಟ ಕ್ರಿಕೆಟ್ಟಿನಂತೆ ಬಿಡುವು ಕೊಡುವುದಿಲ್ಲ. ಅರವತ್ತು ನಿಮಿಷಕ್ಕೆ ಐವತ್ತೊಂಬತ್ತು ಗೋಲು. ಚಹಾಕ್ಕೆ ಎದ್ದರೆ ನಷ್ಟ ನಿಮ್ಮದೇ. ತಪ್ಪು ಮಾಡಿದವಳು ಎರಡು ನಿಮಿಷ ಹೊರಗೆ ಕೂರಬೇಕು, ಬದಲಿಗೆ ಯಾರೂ ಬರುವಂತಿಲ್ಲ. ಆಗ ಉಳಿದವರು ಅವಳ ಜಾಗಕ್ಕೂ ಓಡಬೇಕು.

ಕೊನೆಯ ನಿಮಿಷಗಳು. ಮೂರು ಚಾಪೆಗಳ ಮಕ್ಕಳು ಒಂದೇ ಮೊಬೈಲಿಗೆ ಮುತ್ತಿದ್ದಾರೆ. ಸೀಟಿ. 31–28. ಕೊರಿಯದ ಹುಡುಗಿಯರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. 2006ರಲ್ಲಿ ಶುರುವಾದ ಈ ಪಂದ್ಯಾವಳಿಯ ಮೊದಲ ಏಳೂ ಕಪ್ ಯುರೋಪಿಗೇ ಹೋಗಿದ್ದವು, ಅದರಲ್ಲಿ ಎರಡು ಡೆನ್ಮಾರ್ಕಿಗೇ. ಎಂಟನೆಯದು ಏಷ್ಯಾಕ್ಕೆ.

"ನಮ್ಮ ಹುಡುಗ್ಯಾರು ಇದನ್ನ ಆಡಾಂಗಿಲ್ಲೇನು?" ಅಜ್ಜಿಯ ಪ್ರಶ್ನೆ.

"ಆಡ್ತಾರಬೇ. ಮೊನ್ನೆ ಮಾರ್ಚ್‌ನಾಗ ಕಜಾಕಿಸ್ತಾನದ ಅಲ್ಮಾಟಿಯಾಗ ಏಷ್ಯಾ ಜೂನಿಯರ್ ಕಪ್ ಗೆದ್ದಾರ. ಕಡೀ ಆಟದಾಗ ಥಾಯ್ಲೆಂಡ್ ಮ್ಯಾಲೆ 41–18."

ಅಜ್ಜಿ ಎಲೆಯಡಿಕೆ ಚೀಲದ ದಾರ ಬಿಚ್ಚುತ್ತಾಳೆ.

"ಮತ್ತ ಅದನ್ನ ಯಾರೂ ಯಾಕ ಹೇಳಲಿಲ್ಲ?"