ಕಗ್ಗ ಬೆಳೆಯುತ್ತಿದ್ದ ಗಜನಿ

ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ಕೆಳಗಿಳಿಯುತ್ತದೆ, ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಮೇಲೇರುತ್ತದೆ. ಕುಮಟಾ ತಾಲೂಕಿನ ಹೊಳೆಯಂಚಿನ ಊರುಗಳು ಈ ಎರಡೂ ನೀರನ್ನು ದುಡಿಸಿಕೊಳ್ಳಲು ಕಲಿತಿದ್ದವು. ಮಣ್ಣಿನ ಕಟ್ಟೆ ಹಾಕಿ ಮಾಡಿಕೊಂಡ ಆ ತಗ್ಗು ಗದ್ದೆಗಳೇ ಗಜನಿ. ಅಲ್ಲಿನ ಬೆಳೆ ಕಗ್ಗ. ಉಪ್ಪು ತಾಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದ ಭತ್ತ.

ನಾನು ಚಿಕ್ಕವನಿದ್ದಾಗ ಕಟ್ಟೆಯ ಬಾಗಿಲ ಬಳಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಭರತ ಏರುವ ಮೊದಲು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಸಂದಿಗೆ ಕೆಸರು ಮೆತ್ತುತ್ತಿದ್ದರು. ಇಳಿತಕ್ಕೆ ತೆಗೆದರೆ ಒಳಗಿನ ಮಳೆನೀರು ಮಣ್ಣಿನ ಉಪ್ಪನ್ನೂ ತೊಳೆದುಕೊಂಡು ಹೊಳೆಗೆ ಹೋಗುತ್ತಿತ್ತು. ಮೊಳಕೆ ಬರಿಸಿದ ಬೀಜ ಬಿತ್ತುವುದು ಆಮೇಲೆ. ಗೊಬ್ಬರ, ಔಷಧಿಯ ಮಾತೇ ಇಲ್ಲ. ಮಳೆ ಮುಗಿಯುತ್ತ ಬಂದಾಗ ನೀರಲ್ಲೇ ನಿಂತು ಬರೀ ತೆನೆ ಕೊಯ್ದು ದೋಣಿಗೆ ತುಂಬುತ್ತಿದ್ದರು. ಹುಲ್ಲನ್ನು ಅಲ್ಲೇ ಬಿಡುತ್ತಿದ್ದರು. ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ, ಕೊಳೆತ ಹುಲ್ಲಿನ ನಡುವೆ ಸಿಗಡಿ, ಏಡಿ, ಮೀನು ಬೆಳೆಯುತ್ತಿದ್ದವು. ಅದೇ ಗದ್ದೆಯಲ್ಲಿ ಅನ್ನ, ಅದೇ ಗದ್ದೆಯಲ್ಲಿ ಸಾರು.

ಮಣ್ಣಿನ ಕಟ್ಟೆ ವರ್ಷವರ್ಷವೂ ಒಡೆಯುತ್ತಿತ್ತು. ಹಾಗಾಗಿ ವರ್ಷವರ್ಷವೂ ಊರು ಕೂಡಬೇಕಿತ್ತು. "ನೀರು ಒಳಗೆ ಬಂದ್ಮೇಲೆ ಕಟ್ಟೆ ನೋಡೂಕೆ ಹೋದ್ರೆ ಆಗ್ತದ್ಯ ತಮಾ?" ಎಂದು ಪಕ್ಕದ ಮನೆಯ ಅಜ್ಜ ಹಾರೆ ಹಿಡಿದು ಹೊರಡುತ್ತಿದ್ದ. ಯಾರ ಮನೆಯಿಂದ ಎಷ್ಟು ಆಳು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

1970ರ ದಶಕದಲ್ಲಿ ಸರ್ಕಾರ ಶಾಶ್ವತ ಕಟ್ಟೆಗಳನ್ನು ಕಟ್ಟಿಸಿತು. ಒಳ್ಳೆಯ ಉದ್ದೇಶವೇ. ಆದರೆ ಕಟ್ಟೆ ಗಟ್ಟಿಯಾದ ಮೇಲೆ ಜನ ಕೂಡುವುದು ನಿಂತಿತು. ನನ್ನ ಪ್ರಕಾರ ಕಗ್ಗಕ್ಕೆ ಬಿದ್ದ ಮೊದಲ ಪೆಟ್ಟು ಇದೇ, ಸಿಗಡಿಯಲ್ಲ. ಸಿಗಡಿಗೆ ರೇಟು ಬಂದು ಗಜನಿಗಳು ಗುತ್ತಿಗೆಗೆ ಹೋಗುವ ಹೊತ್ತಿಗೆ, ಬೇಡವೆಂದು ಒಟ್ಟಾಗಿ ಹೇಳುವ ಕೂಟವೇ ಉಳಿದಿರಲಿಲ್ಲ. ಗುತ್ತಿಗೆ ಹಿಡಿದವರಿಗೆ ವರ್ಷವಿಡೀ ಉಪ್ಪುನೀರು ಬೇಕು. ಭತ್ತ ಎಲ್ಲಿಂದ ಬರಬೇಕು? ಕಟ್ಟೆಯನ್ನು ಅಲೆಯಿಂದ ಕಾಯುತ್ತಿದ್ದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೂ ಹಲವೆಡೆ ಹೋದವು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಸತ್ತಿತು. ಗದ್ದೆಗಳು ಪಾಳುಬಿದ್ದವು.

ಆಮೇಲೆ ಅರಣ್ಯ ಇಲಾಖೆ ಕಾಂಡ್ಲಾ ನೆಡಿಸಿತು. 2024ರಲ್ಲಿ ಅಘನಾಶಿನಿಯ ಅಳಿವೆಗೆ, ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆಯೂ ಸಿಕ್ಕಿತು. ನನಗೆ ಸಂತೋಷವಾಗಿದೆ. ಆದರೆ ಈ ಅಳಿವೆಯನ್ನು ಹೀಗೆ ರೂಪಿಸಿದ್ದರಲ್ಲಿ ಹಾರೆ ಹಿಡಿದ ಕೈಗಳ ಪಾಲೂ ಇದೆ. ಮಾಣಿಕಟ್ಟೆಯಂಥ ಊರಿನಲ್ಲಿ ಕಗ್ಗ ಬಿತ್ತುವವರು ಇನ್ನೂ ಇದ್ದಾರೆ. ಭತ್ತದ ಬೀಜವನ್ನು ಕಣಜದಲ್ಲಿಟ್ಟು ಹತ್ತು ವರ್ಷ ಕಾಯಲಾಗದು. ಅವರು ಬಿತ್ತುವುದು ಬಿಟ್ಟರೆ ತಳಿಯೂ ಹೋಗುತ್ತದೆ. ಸಂರಕ್ಷಣೆಗೆಂದು ಬರುವ ಹಣದಲ್ಲಿ ಮೊದಲ ಪಾಲು ಅವರ ಕಟ್ಟೆಗೆ, ಅವರ ಬೀಜಕ್ಕೆ ಸಲ್ಲಬೇಕು.