ಹೊಲಿದ ಹಡಗು, ಹೆಣೆದ ಹರಿಗೋಲು

ಬಳ್ಳಾರಿ ಬಿಸಿಲಿನವರಿಗೆ ಹಾಯಿಹಡಗಿನ ಸುದ್ದಿ ಯಾಕೆ ಅಂತೀರಾ? 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ, ನಾವು ಕೌದಿ ಹೊಲಿದ ಹಾಗೆ! ಅಜಂತಾದ ಚಿತ್ರವೇ ಮಾದರಿ. ಡಿಸೆಂಬರ್ 29ರಂದು ಪೋರಬಂದರು ಬಿಟ್ಟು, ಹಾಯಿ ನಂಬಿಕೊಂಡು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಅದರಲ್ಲಿ ನಮಗೆಲ್ಲಿ ಜಾಗ! ನಮಗೆ ತುಂಗಭದ್ರೆಯ ಹರಿಗೋಲೇ ಸೈ. ಅದೂ ಬಿದಿರಿನ ಹೆಣಿಗೆ. ತಳದಲ್ಲಿ ಕೂತವರು ನಡುವೆ ಏಳಬಾರದು. ಹೊಳೆ ತುಂಬಿದ್ದಾಗ ಅಂಬಿಗ ಬೇಡವೆಂದರೆ ಹಟ ಮಾಡಬೇಡ್ರಿ.

ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕೈಮುಗಿದು ಸಿರುಗುಪ್ಪದ ಹೊಳೆಗೆ ಹೋಗಿದ್ದೆವು. ಹರಿಗೋಲು ಗಿರ್ರನೆ ತಿರುಗಿದ್ದೇ ತಡ, ಈಜು ಬಾರದ ನಾನು ಅತ್ತೆಯವರ ಸೆರಗು ಹಿಡಿದುಬಿಟ್ಟೆ. ಅವರೋ, ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದರು. ಅವರಿಗೂ ಈಜು ಬರುತ್ತಿರಲಿಲ್ಲ!